ಪಕ್ಕದಲ್ಲಿ ಹಾದುಹೋದ ಬೆರಿಲ್: ಅಟ್ಲಾಂಟಿಕ್ ಚಂಡಮಾರುತವೊಂದರ ಹುಟ್ಟು, ನಡೆ, ಕೊನೆ

2024ರ ಜೂನ್ 29ರಂದು, ನಮ್ಮಲ್ಲಿ ಮಧ್ಯರಾತ್ರಿ ಸಮೀಪಿಸುತ್ತಿದ್ದ ಹೊತ್ತಿಗೆ, ಬಾರ್ಬಡೋಸ್ ದ್ವೀಪದ ಬ್ರಿಜ್‌ಟೌನ್‌ನಲ್ಲಿ ಭಾರತ ತಂಡವು ದಕ್ಷಿಣ ಆಫ್ರಿಕಾವನ್ನು 7 ರನ್‌ಗಳಿಂದ ಸೋಲಿಸಿ ಟಿ20 ವಿಶ್ವಕಪ್ ಗೆದ್ದಿತು. ತರಬೇತುದಾರರಾಗಿ ರಾಹುಲ್ ದ್ರಾವಿಡ್ ಅವರಿಗೆ ಅದು ಕೊನೆಯ ಪಂದ್ಯವಾದ್ದರಿಂದ ಕರ್ನಾಟಕದಲ್ಲಿ ಸಂಭ್ರಮಕ್ಕೆ ಇನ್ನೂ ಒಂದು ಕಾರಣವಿತ್ತು. ಆದರೆ ಕಪ್ ಗೆದ್ದವರು ಊರಿಗೆ ಹೊರಡಲಾಗಲಿಲ್ಲ. ವಿಮಾನ ನಿಲ್ದಾಣ ಮುಚ್ಚಿತು, ಜನರೆಲ್ಲ ಮನೆಯೊಳಗೇ ಇರಬೇಕೆಂದು ಸರ್ಕಾರ ಸೂಚಿಸಿತು, ಆಟಗಾರರು ಹೋಟೆಲಿನಲ್ಲೇ ಉಳಿದರು. ಕೊನೆಗೆ ವಿಶೇಷ ವಿಮಾನದಲ್ಲಿ ಅವರು ದೆಹಲಿ ತಲುಪಿದ್ದು ಜುಲೈ 4ರ ಬೆಳಿಗ್ಗೆ.

ಇಷ್ಟಕ್ಕೆಲ್ಲ ಕಾರಣವಾದ ಬೆರಿಲ್ ಎಂಬ ಚಂಡಮಾರುತದ ಕೇಂದ್ರವು ಬಾರ್ಬಡೋಸನ್ನು ಮುಟ್ಟಲೇ ಇಲ್ಲ. ದ್ವೀಪದ ದಕ್ಷಿಣಕ್ಕೆ ನೂರು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ ಅದು ಪಶ್ಚಿಮಕ್ಕೆ ಸಾಗಿಹೋಯಿತು. ಹಾಗಿದ್ದರೂ ಅಲ್ಲಿನ ಮೀನುಗಾರಿಕಾ ಬಂದರಿನಲ್ಲಿ ದೋಣಿಗಳು ಒಂದರ ಮೇಲೊಂದು ಬಿದ್ದು ಒಡೆದವು. ಪಕ್ಕದಲ್ಲಿ ಹಾದುಹೋದದ್ದು ಇಷ್ಟು ಹಾನಿ ಮಾಡಿದ್ದು ಹೇಗೆ ಎಂಬುದು ತಿಳಿಯಬೇಕಾದರೆ ಅದು ಎಲ್ಲಿ ಹುಟ್ಟಿತು, ಯಾವುದನ್ನು ಉಂಡು ಬೆಳೆಯಿತು ಎಂಬಲ್ಲಿಂದಲೇ ಶುರುಮಾಡಬೇಕು.

ಮೊದಲು ಹೆಸರುಗಳ ವಿಚಾರ

ಉಷ್ಣವಲಯದ ಬೆಚ್ಚಗಿನ ಕಡಲಿನ ಮೇಲೆ ಹುಟ್ಟಿ, ಒಂದು ಕೇಂದ್ರದ ಸುತ್ತ ತಿರುಗುವ ಬಿರುಗಾಳಿಯ ವ್ಯೂಹಕ್ಕೆ ಬಂಗಾಳ ಕೊಲ್ಲಿ ಮತ್ತು ಅರಬ್ಬಿ ಸಮುದ್ರದಲ್ಲಿ ಸೈಕ್ಲೋನ್ ಎನ್ನುತ್ತಾರೆ, ಜಪಾನ್ ಮತ್ತು ಫಿಲಿಪ್ಪೀನ್ಸ್ ಕಡೆ ಟೈಫೂನ್ ಎನ್ನುತ್ತಾರೆ, ಅಟ್ಲಾಂಟಿಕ್‌ನಲ್ಲಿ ಹರಿಕೇನ್ ಎನ್ನುತ್ತಾರೆ. ಮೂರೂ ಒಂದೇ. ಕನ್ನಡದಲ್ಲಿ ನಾವು ಮೂರಕ್ಕೂ ಚಂಡಮಾರುತ ಎಂದು ಹೇಳಿ ಮುಗಿಸುತ್ತೇವೆ, ಮತ್ತು ಅದರಲ್ಲಿ ತಪ್ಪೇನೂ ಇಲ್ಲ.

ಅಟ್ಲಾಂಟಿಕ್‌ನಲ್ಲಿ ಇದರ ಬೆಳವಣಿಗೆಯನ್ನು ಗಾಳಿಯ ವೇಗದಿಂದ ಅಳೆಯುತ್ತಾರೆ. ಸುತ್ತುವ ಗಾಳಿಯ ಗರಿಷ್ಠ ವೇಗ ಗಂಟೆಗೆ 63 ಕಿ.ಮೀ.ಗಿಂತ ಕಡಿಮೆ ಇದ್ದರೆ ಅದು ವಾಯುಭಾರ ಕುಸಿತ. 63 ಮುಟ್ಟಿದ ಕೂಡಲೇ ಅದು ಉಷ್ಣವಲಯದ ಬಿರುಗಾಳಿ ಎನಿಸಿಕೊಳ್ಳುತ್ತದೆ, ಹೆಸರಿಡುವುದೂ ಆಗಲೇ. 119 ದಾಟಿದರೆ ಹರಿಕೇನ್. ಹರಿಕೇನ್‌ಗಳಲ್ಲಿ ಮತ್ತೆ ಐದು ದರ್ಜೆಗಳಿವೆ: ಮೂರನೆಯದು 178 ಕಿ.ಮೀ.ಗೆ, ನಾಲ್ಕನೆಯದು 209ಕ್ಕೆ, ಐದನೆಯದು 252ಕ್ಕೆ ಶುರುವಾಗುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ಗೋಡೆಯ ಮೇಲೆ ಅದು ಹೇರುವ ಒತ್ತಡ ನಾಲ್ಕು ಪಟ್ಟಾಗುತ್ತದೆ ಎಂಬುದನ್ನು ಇಲ್ಲಿ ನೆನಪಿಡಬೇಕು. ನಮ್ಮ ಹವಾಮಾನ ಇಲಾಖೆಯು 3 ನಿಮಿಷಗಳ ಸರಾಸರಿ ವೇಗವನ್ನು ಲೆಕ್ಕಕ್ಕೆ ಹಿಡಿಯುತ್ತದೆ, ಅಮೆರಿಕದವರು 1 ನಿಮಿಷದ ಸರಾಸರಿಯನ್ನು ಹಿಡಿಯುತ್ತಾರೆ. ಆದ್ದರಿಂದ ಎರಡೂ ಕಡೆಯ ಅಂಕಿಗಳನ್ನು ನೇರವಾಗಿ ಹೋಲಿಸಲಾಗದು.

ಹೆಸರುಗಳನ್ನು ವಿಶ್ವ ಹವಾಮಾನ ಸಂಸ್ಥೆ ಮೊದಲೇ ಪಟ್ಟಿ ಮಾಡಿಟ್ಟಿರುತ್ತದೆ. ಅಕ್ಷರಮಾಲೆಯ ಕ್ರಮದಲ್ಲಿರುವ ಅಂಥ ಆರು ಪಟ್ಟಿಗಳು ವರ್ಷಕ್ಕೊಂದರಂತೆ ಸರದಿಯಲ್ಲಿ ಬರುತ್ತವೆ. 2024ರಲ್ಲಿ ಮೊದಲ ಹೆಸರು ಆಲ್ಬರ್ಟೊ, ಎರಡನೆಯದು ಬೆರಿಲ್. ಅದು ಇಂಗ್ಲಿಷಿನಲ್ಲಿ ಹೆಣ್ಣುಮಕ್ಕಳ ಹೆಸರು, ಒಂದು ರತ್ನದ ಹೆಸರೂ ಹೌದು. ಮೂಲ ಹುಡುಕುತ್ತ ಹೋದರೆ ಆ ಪದ ಗ್ರೀಕ್ ದಾರಿಯಲ್ಲಿ ಹಿಂದಕ್ಕೆ ಸರಿದು ಪ್ರಾಕೃತದ ‘ವೇರುಲಿಯ’ಕ್ಕೆ, ಅಂದರೆ ನಮ್ಮ ವೈಡೂರ್ಯದ ಬಳಗಕ್ಕೆ ಬಂದು ನಿಲ್ಲುತ್ತದೆ. ಅದನ್ನು ಬೇಲೂರಿನ ಹೆಸರಿಗೂ ಗಂಟು ಹಾಕುವವರಿದ್ದಾರೆ, ಆದರೆ ಆ ಮಾತು ಸಾಬೀತಾದದ್ದಲ್ಲ.

ಆಫ್ರಿಕಾದ ಮೇಲೆ ಏಳುವ ಅಲೆ

ಕೆರಿಬಿಯನ್ ದ್ವೀಪಗಳನ್ನು ನಡುಗಿಸುವ ದೊಡ್ಡ ಚಂಡಮಾರುತಗಳಲ್ಲಿ ಹೆಚ್ಚಿನವುಗಳ ಬೀಜ ಇರುವುದು ಆ ದ್ವೀಪಗಳಿಂದ ಸಾವಿರಾರು ಕಿಲೋಮೀಟರ್ ದೂರದ ಆಫ್ರಿಕಾದಲ್ಲಿ. ಬೇಸಿಗೆಯಲ್ಲಿ ಸಹಾರಾ ಮರುಭೂಮಿ ಕಾದ ಹೆಂಚಿನಂತಿರುತ್ತದೆ. ಅದರ ದಕ್ಷಿಣಕ್ಕಿರುವ ಗಿನಿ ಕೊಲ್ಲಿಯ ತೀರ ಹೋಲಿಕೆಯಲ್ಲಿ ತಂಪಾಗಿ, ತೇವವಾಗಿ ಇರುತ್ತದೆ. ಈ ಎರಡು ವಲಯಗಳ ಉಷ್ಣತೆಯ ವ್ಯತ್ಯಾಸದಿಂದಾಗಿ ನೆಲದಿಂದ ಮೂರು-ನಾಲ್ಕು ಕಿಲೋಮೀಟರ್ ಎತ್ತರದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಗಾಳಿಯ ಒಂದು ಹೊಳೆ ಹರಿಯುತ್ತದೆ. ಜಮಖಾನದ ಒಂದು ತುದಿ ಹಿಡಿದು ಕೊಡವಿದರೆ ಅದರುದ್ದಕ್ಕೂ ಅಲೆಯೊಂದು ಸಾಗುವಂತೆ ಈ ಗಾಳಿಹೊಳೆಯಲ್ಲಿಯೂ ಮೂರು-ನಾಲ್ಕು ದಿನಕ್ಕೊಂದರಂತೆ ಅಲೆಗಳೆದ್ದು ಪಶ್ಚಿಮಕ್ಕೆ ಸಾಗಿ, ಸೆನೆಗಲ್ ಆಸುಪಾಸಿನಲ್ಲಿ ಕಡಲಿಗಿಳಿಯುತ್ತವೆ. ಇವನ್ನು ಉಷ್ಣವಲಯದ ಅಲೆಗಳೆಂದು ಕರೆಯುತ್ತಾರೆ.

ವರ್ಷಕ್ಕೆ ಸರಾಸರಿ ಅರವತ್ತು ಅಲೆಗಳು ಹೀಗೆ ಕಡಲಿಗಿಳಿದರೂ ಬಹುತೇಕ ಅಲ್ಲಿಯೇ ಕರಗಿಹೋಗುತ್ತವೆ. ಚಂಡಮಾರುತವಾಗಲು ಹಲವು ಅನುಕೂಲಗಳು ಒಟ್ಟಿಗೆ ಕೂಡಿಬರಬೇಕು: ಕಡಲಿನ ನೀರು ಮೇಲ್ಮೈಯಲ್ಲಷ್ಟೇ ಅಲ್ಲದೆ ಹತ್ತಾರು ಮೀಟರ್ ಆಳದವರೆಗೂ ಸುಮಾರು 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಿರಬೇಕು, ವಾತಾವರಣದ ನಡುಪದರದಲ್ಲಿ ತೇವ ಇರಬೇಕು, ಕೆಳಗಿನ ಗಾಳಿಗೂ ಮೇಲಿನ ಗಾಳಿಗೂ ವೇಗದಲ್ಲಿ ಮತ್ತು ದಿಕ್ಕಿನಲ್ಲಿ ಹೆಚ್ಚು ಅಂತರ ಇರಬಾರದು. ಈ ಕೊನೆಯ ಶರತ್ತು ತುಸು ವಿಚಿತ್ರವೆನಿಸಬಹುದು. ಬೆಳೆಯುತ್ತಿರುವ ಚಂಡಮಾರುತವು ಒಂದರ ಮೇಲೊಂದು ಜೋಡಿಸಿಟ್ಟ ಬಿಂದಿಗೆಗಳಂತೆ ನೆಟ್ಟಗೆ ನಿಲ್ಲಬೇಕಾದ ರಚನೆ. ಮೇಲಿನ ಬಿಂದಿಗೆಯನ್ನು ಒಂದು ಕಡೆಗೂ ಕೆಳಗಿನದನ್ನು ಇನ್ನೊಂದು ಕಡೆಗೂ ತಳ್ಳಿದರೆ ಆ ಜೋಡಣೆ ನಿಲ್ಲುವುದಿಲ್ಲ. ಇವುಗಳ ಜೊತೆಗೆ ಸಹಾರಾದಿಂದ ಏಳುವ ಒಣಧೂಳಿನ ಪದರವೂ ಎಷ್ಟೋ ಅಲೆಗಳ ಉಸಿರು ಕಟ್ಟಿಸುತ್ತದೆ.

ಇಡ್ಲಿ ಪಾತ್ರೆಯ ಹಬೆ

ಇಷ್ಟು ದೊಡ್ಡ ಯಂತ್ರ ನಡೆಯುವುದು ಯಾವ ಇಂಧನದಿಂದ? ನೀರಿನ ಆವಿಯಿಂದ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆಯುವಾಗ ಹಬೆ ಮುಂಗೈಗೆ ತಗುಲಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಕುದಿನೀರಿನ ಒಂದು ಹನಿ ಸಿಡಿದಾಗ ಆಗುವ ಉರಿಗಿಂತ ಹಬೆಯ ಉರಿ ಹೆಚ್ಚು. ನೀರು ಆವಿಯಾಗುವಾಗ ತನ್ನೊಳಗೆ ಬಹಳಷ್ಟು ಶಾಖವನ್ನು ಅಡಗಿಸಿಕೊಂಡಿರುತ್ತದೆ, ಆವಿ ನಮ್ಮ ಚರ್ಮವನ್ನು ತಾಗಿ ಮತ್ತೆ ನೀರಾಗುವಾಗ ಆ ಶಾಖವನ್ನೆಲ್ಲ ಅಲ್ಲಿಯೇ ಬಿಟ್ಟುಕೊಡುತ್ತದೆ. ಶಾಲೆಯ ಪಾಠದಲ್ಲಿ ಇದನ್ನು ಗುಪ್ತೋಷ್ಣ ಎಂದು ಓದಿರುತ್ತೇವೆ.

ಕಡಲಿನ ಮೇಲೆಯೂ ಆಗುವುದು ಇದೇ. ಬೆಚ್ಚಗಿನ ನೀರಿನಿಂದ ಆವಿ ಏಳುತ್ತದೆ, ಮೇಲೇರಿ ತಣ್ಣಗಾಗಿ ಮೋಡದ ಹನಿಯಾಗುತ್ತದೆ, ಆಗ ಹೊರಬಿದ್ದ ಶಾಖವು ಸುತ್ತಲಿನ ಗಾಳಿಯನ್ನು ಕಾಯಿಸಿ ಇನ್ನಷ್ಟು ಮೇಲಕ್ಕೆ ತಳ್ಳುತ್ತದೆ. ಗಾಳಿ ಮೇಲೇರಿದಲ್ಲಿ ಕೆಳಗಿನ ಒತ್ತಡ ಕುಸಿಯುತ್ತದೆ. ಆ ತಗ್ಗನ್ನು ತುಂಬಲು ಸುತ್ತಲಿನಿಂದ ನುಗ್ಗುವ ಗಾಳಿ ಮತ್ತಷ್ಟು ಆವಿಯನ್ನು ಹೊತ್ತು ತರುತ್ತದೆ. ಭೂಮಿ ತಿರುಗುತ್ತಿರುವುದರಿಂದ ಹಾಗೆ ನುಗ್ಗುವ ಗಾಳಿ ಕೇಂದ್ರಕ್ಕೆ ನೇರವಾಗಿ ಬರಲಾರದೆ ಒಂದು ಬದಿಗೆ ವಾಲಿ ಸುತ್ತತೊಡಗುತ್ತದೆ. ಉತ್ತರ ಗೋಳಾರ್ಧದಲ್ಲಿ ಈ ಸುತ್ತು ಯಾವಾಗಲೂ ಅಪ್ರದಕ್ಷಿಣೆ, ಅಂದರೆ ನಾವು ದೇವಸ್ಥಾನದಲ್ಲಿ ಸುತ್ತುವುದಕ್ಕೆ ವಿರುದ್ಧ ದಿಕ್ಕು. ಮುಂದೆ ಬಾರ್ಬಡೋಸ್‌ನ ಕಥೆಯಲ್ಲಿ ಇದು ಬೇಕಾಗುತ್ತದೆ.

ಸುತ್ತು ಬಿಗಿಯಾಗುತ್ತ ಹೋದಂತೆ ಗಾಳಿ ನಟ್ಟನಡುವಿಗೆ ತಲುಪಲಾರದೆ ಕೆಲವು ಕಿಲೋಮೀಟರ್ ಈಚೆಯೇ ಮೇಲಕ್ಕೇರುತ್ತದೆ. ಹಾಗೆ ಮೇಲೇರುವ ಮೋಡಗಳ ಉಂಗುರವೇ ಕಣ್ಣಿನ ಗೋಡೆ. ಅತಿ ರಭಸದ ಗಾಳಿ, ಅತಿ ಬಿರುಸಿನ ಮಳೆ ಇರುವುದು ಇಲ್ಲಿ. ಉಂಗುರದ ನಡುವೆ ಗಾಳಿ ಮೆಲ್ಲಗೆ ಕೆಳಗಿಳಿಯುವುದರಿಂದ ಮೋಡ ಚದುರಿ ಆಕಾಶ ಕಾಣುವುದೂ ಉಂಟು. ಅದೇ ಕಣ್ಣು.

ಗಾದೆಯನ್ನು ಸುಳ್ಳು ಮಾಡಿದ ಜೂನ್

ಕೆರಿಬಿಯನ್ ದ್ವೀಪಗಳಲ್ಲಿ ಮಕ್ಕಳಿಗೂ ಗೊತ್ತಿರುವ ಹಳೆಯ ಪ್ರಾಸವೊಂದಿದೆ: ಜೂನ್ ಎಂದರೆ ತೀರಾ ಬೇಗ, ಜುಲೈನಲ್ಲಿ ಸಿದ್ಧವಾಗಿರು, ಆಗಸ್ಟಿನಲ್ಲಿ ಎಚ್ಚರ, ಸೆಪ್ಟೆಂಬರ್ ನೆನಪಿರಲಿ, ಅಕ್ಟೋಬರಿಗೆ ಎಲ್ಲ ಮುಗಿಯಿತು ಎಂಬ ಅರ್ಥದ್ದು. ಅಟ್ಲಾಂಟಿಕ್‌ನ ಚಂಡಮಾರುತದ ಋತು ಅಧಿಕೃತವಾಗಿ ಜೂನ್ 1ರಿಂದ ನವೆಂಬರ್ 30ರವರೆಗೆ ಇದ್ದರೂ ಅದರ ನೆತ್ತಿ ಸೆಪ್ಟೆಂಬರ್ 10ರ ಆಸುಪಾಸು. ಕಡಲು ನೆಲದಷ್ಟು ಬೇಗ ಕಾಯುವುದಿಲ್ಲ, ಬೇಸಿಗೆಯ ಬಿಸಿಲನ್ನೆಲ್ಲ ಹೀರಿ ತಡವಾಗಿ ಕಾವೇರುತ್ತದೆ ಎಂಬುದೇ ಈ ತಡಕ್ಕೆ ಕಾರಣ.

2024ರಲ್ಲಿ ಹಾಗಾಗಲಿಲ್ಲ. ಆಫ್ರಿಕಾಕ್ಕೂ ಕೆರಿಬಿಯನ್‌ಗೂ ನಡುವಿನ ಅಟ್ಲಾಂಟಿಕ್ ಜೂನ್ ತಿಂಗಳಲ್ಲೇ ಸೆಪ್ಟೆಂಬರಿನಷ್ಟು ಬೆಚ್ಚಗಾಗಿತ್ತು. ಜೂನ್ 28ರಂದು ಬಾರ್ಬಡೋಸ್‌ನಿಂದ ಪೂರ್ವಕ್ಕೆ ಸುಮಾರು 2,000 ಕಿ.ಮೀ. ದೂರದಲ್ಲಿ ವಾಯುಭಾರ ಕುಸಿತವೆನಿಸಿಕೊಂಡ ಅಲೆಯು ಅದೇ ರಾತ್ರಿ ಬೆರಿಲ್ ಎಂಬ ಹೆಸರು ಪಡೆಯಿತು, ಮರುದಿನ, ಅಂದರೆ ಬ್ರಿಜ್‌ಟೌನ್‌ನಲ್ಲಿ ಫೈನಲ್ ನಡೆದ ದಿನವೇ, ಹರಿಕೇನ್ ಆಯಿತು, ಜೂನ್ 30ರಂದು ನಾಲ್ಕನೆಯ ದರ್ಜೆಗೆ ಏರಿತು. ಹುಟ್ಟಿದ್ದು ಶುಕ್ರವಾರ, ಪ್ರಾಯಕ್ಕೆ ಬಂದದ್ದು ಭಾನುವಾರ. ಅಟ್ಲಾಂಟಿಕ್‌ನ ದಾಖಲೆಯಲ್ಲಿ ಜೂನ್ ತಿಂಗಳಿನ ನಾಲ್ಕನೆಯ ದರ್ಜೆಯ ಹರಿಕೇನ್ ಅದಕ್ಕೆ ಮೊದಲು ಒಂದೂ ಇರಲಿಲ್ಲ. ಒಂದು ದಿನದಲ್ಲಿ ಗಾಳಿಯ ವೇಗ ಗಂಟೆಗೆ 55 ಕಿ.ಮೀ. ಅಥವಾ ಅದಕ್ಕಿಂತ ಹೆಚ್ಚು ಏರಿದರೆ ಅದನ್ನು ಕ್ಷಿಪ್ರ ತೀವ್ರತೆ ಎನ್ನುತ್ತಾರೆ. ಜನರಿಗೆ ಅತ್ಯಂತ ಕಷ್ಟವಾಗುವುದು ಇಂಥ ಏರಿಕೆಯಿಂದಲೇ, ಏಕೆಂದರೆ ಮಲಗುವಾಗ ಕೇಳಿದ ಚಂಡಮಾರುತವೇ ಬೇರೆ, ಎದ್ದಾಗ ಇರುವುದೇ ಬೇರೆ.

ಪಕ್ಕದಲ್ಲಿ ಹಾದುಹೋಗುವುದೆಂದರೆ ಏನು

ಬಾರ್ಬಡೋಸ್ ಸುಮಾರು 34 ಕಿ.ಮೀ. ಉದ್ದ, 23 ಕಿ.ಮೀ. ಅಗಲದ, ಬಹುಪಾಲು ಹವಳದ ಸುಣ್ಣಕಲ್ಲಿನಿಂದಾದ ದ್ವೀಪ. ಕೆರಿಬಿಯನ್ ದ್ವೀಪಗಳ ಬಿಲ್ಲಿನಾಕಾರದ ಸಾಲಿನಿಂದ ಅದು ಪೂರ್ವಕ್ಕೆ ಸರಿದು ಒಂಟಿಯಾಗಿ ನಿಂತಿದೆ. ಚಂಡಮಾರುತಗಳ ಕೇಂದ್ರ ಅದರ ಉತ್ತರಕ್ಕೋ ದಕ್ಷಿಣಕ್ಕೋ ತಪ್ಪಿಹೋಗುವುದೇ ಹೆಚ್ಚು. 1955ರ ಜಾನೆಟ್ ಅಲ್ಲಿನವರು ಇಂದಿಗೂ ನೆನೆಯುವ ದೊಡ್ಡ ಅಪವಾದ. ‘ದೇವರು ಬಾರ್ಬಡೋಸ್‌ನವನೇ’ ಎಂಬ ಮಾತು ಆ ದ್ವೀಪದಲ್ಲಿ ಚಾಲ್ತಿಯಲ್ಲಿದೆ.

ನಕ್ಷೆಯಲ್ಲಿ ಚಂಡಮಾರುತದ ದಾರಿಯನ್ನು ಒಂದು ಗೆರೆಯಾಗಿ ತೋರಿಸುತ್ತಾರೆ. ಗೆರೆ ನಮ್ಮ ಮೇಲೆ ಹಾದುಹೋಗದಿದ್ದರೆ ಅಪಾಯವಿಲ್ಲ ಎಂಬ ತಪ್ಪು ತಿಳಿವಳಿಕೆ ಹುಟ್ಟುವುದು ಆ ಗೆರೆಯಿಂದಲೇ. ಗೆರೆ ತೋರಿಸುವುದು ಕೇಂದ್ರ ಸಾಗುವ ದಾರಿಯನ್ನು ಮಾತ್ರ. ಬೆರಿಲ್‌ನ ಅತಿ ರಭಸದ ಗಾಳಿ ಕೇಂದ್ರದಿಂದ ಕೆಲವೇ ಹತ್ತು ಕಿಲೋಮೀಟರುಗಳಿಗೆ ಸೀಮಿತವಾಗಿದ್ದರೂ ಗಂಟೆಗೆ 63 ಕಿ.ಮೀ. ಮೀರಿದ ಗಾಳಿ ನೂರು ಕಿಲೋಮೀಟರಿನ ಆಚೆಗೂ ಹರಡಿತ್ತು. ಅಲೆಗಳಂತೂ ಅದಕ್ಕಿಂತ ಎಷ್ಟೋ ದೂರ ಹೋಗುತ್ತಿದ್ದವು.

ದೂರದಷ್ಟೇ ಮುಖ್ಯವಾದದ್ದು ಯಾವ ಬದಿ ಎಂಬುದು. ಉರುಳುತ್ತಿರುವ ಎತ್ತಿನ ಗಾಡಿಯ ಚಕ್ರವನ್ನು ನೋಡಿದರೆ ಅದರ ಮೇಲಂಚು ಗಾಡಿಗಿಂತ ವೇಗವಾಗಿ ಮುಂದಕ್ಕೆ ಓಡುತ್ತಿರುತ್ತದೆ, ಕೆಳಗೆ ನೆಲ ಮುಟ್ಟಿದ ಅಂಚು ಆ ಕ್ಷಣಕ್ಕೆ ನಿಂತೇ ಇರುತ್ತದೆ. ಒಂದು ಕಡೆ ಚಕ್ರದ ಸುತ್ತೂ ಗಾಡಿಯ ಓಟವೂ ಕೂಡಿಕೊಳ್ಳುತ್ತವೆ, ಇನ್ನೊಂದು ಕಡೆ ಒಂದನ್ನೊಂದು ಕಳೆಯುತ್ತವೆ. ಅಪ್ರದಕ್ಷಿಣವಾಗಿ ಸುತ್ತುತ್ತ ಮುಂದೆ ಸಾಗುವ ಚಂಡಮಾರುತದಲ್ಲಿ ಈ ಕೂಡಿಕೆ ಆಗುವುದು ಅದು ಸಾಗುವ ದಿಕ್ಕಿನ ಬಲಬದಿಯಲ್ಲಿ. ಬೆರಿಲ್ ಗಂಟೆಗೆ ಸುಮಾರು 30 ಕಿ.ಮೀ. ವೇಗದಲ್ಲಿ ಪಶ್ಚಿಮಾಭಿಮುಖವಾಗಿ ಸಾಗುತ್ತಿತ್ತು, ಹಾಗಾಗಿ ಅದರ ಬಲಬದಿ ಉತ್ತರ. ಬಾರ್ಬಡೋಸ್ ಇದ್ದದ್ದೂ ಉತ್ತರದಲ್ಲಿಯೇ.

ಜುಲೈ 1ರ ಬೆಳಗಿನ ಜಾವ ಕೇಂದ್ರವು ಆಗ್ನೇಯದಿಂದ ಸಮೀಪಿಸಿ, ದಕ್ಷಿಣದಲ್ಲಿ ಹಾದು, ನೈಋತ್ಯಕ್ಕೆ ಸರಿಯುತ್ತಿದ್ದಂತೆ ದ್ವೀಪದ ಮೇಲಿನ ಗಾಳಿಯ ದಿಕ್ಕೂ ಬದಲಾಗುತ್ತ ಹೋಗಬೇಕು: ಮೊದಲು ಈಶಾನ್ಯದಿಂದ, ಆಮೇಲೆ ಪೂರ್ವದಿಂದ, ಕೊನೆಗೆ ಆಗ್ನೇಯದಿಂದ. ಇದನ್ನು ಹಡಗಿನವರು 19ನೆಯ ಶತಮಾನದಿಂದಲೂ ಒಂದು ಸರಳ ಸೂತ್ರವಾಗಿ ಬಳಸುತ್ತ ಬಂದಿದ್ದಾರೆ. ಉತ್ತರ ಗೋಳಾರ್ಧದಲ್ಲಿ ಗಾಳಿಗೆ ಬೆನ್ನು ಕೊಟ್ಟು ನಿಂತರೆ ಬಿರುಗಾಳಿಯ ಕೇಂದ್ರ ಸರಿಸುಮಾರು ಎಡಗೈಯ ಕಡೆಗಿರುತ್ತದೆ. ಡಚ್ ಹವಾಮಾನ ತಜ್ಞ ಬೈಸ್ ಬ್ಯಾಲಟ್ ಅವರ ಹೆಸರಿನಲ್ಲಿರುವ ಈ ಸೂತ್ರಕ್ಕೆ ಯಾವ ಉಪಕರಣವೂ ಬೇಡ.

ಇನ್ನು ದೋಣಿಗಳ ವಿಚಾರ. ಬಾರ್ಬಡೋಸ್‌ನಲ್ಲಿ ವರ್ಷವಿಡೀ ಗಾಳಿ ಬೀಸುವುದು ಪೂರ್ವದ ಕಡೆಯಿಂದ. ಆದ್ದರಿಂದ ಪೂರ್ವ ತೀರದಲ್ಲಿ ಸದಾ ಅಬ್ಬರದ ಅಲೆ. ಪಶ್ಚಿಮ ಮತ್ತು ನೈಋತ್ಯ ತೀರಗಳು ದ್ವೀಪದ ಮರೆಯಲ್ಲಿ ಶಾಂತವಾಗಿರುತ್ತವೆ. ಬಂದರು, ಹೋಟೆಲುಗಳು, ಮೀನುಗಾರರ ದಕ್ಕೆಗಳು ಈ ಶಾಂತ ಬದಿಯಲ್ಲೇ ಬೆಳೆದಿರುವುದು ಸಹಜ. ಬ್ರಿಜ್‌ಟೌನ್ ಇರುವುದೂ ನೈಋತ್ಯದ ಮೂಲೆಯಲ್ಲಿ. ಚಂಡಮಾರುತ ದಕ್ಷಿಣದಲ್ಲಿ ಹಾದು ನೈಋತ್ಯಕ್ಕೆ ಸರಿದಾಗ ಅಲೆಗಳು ಆ ದಿಕ್ಕಿನಿಂದಲೇ ಬಂದವು, ಅಂದರೆ ಮನೆಯ ಮುಂಬಾಗಿಲಿಗೆ ಅಗುಳಿ ಹಾಕಿದ್ದವರಿಗೆ ಹಿತ್ತಿಲ ಬಾಗಿಲಿನಿಂದ ಏಟು ಬಿತ್ತು. ಆಸರೆಗೆಂದು ಬ್ರಿಜ್‌ಟೌನ್‌ನ ಮೀನುಗಾರಿಕಾ ಬಂದರಿನೊಳಗೆ ಒತ್ತೊತ್ತಾಗಿ ಕಟ್ಟಿದ್ದ ದೋಣಿಗಳು, ನೀರು ಮೇಲೆದ್ದು ಇಳಿದಂತೆಲ್ಲ ಒಂದಕ್ಕೊಂದು ಗುದ್ದಿ, ಹಗ್ಗ ಹರಿದು, ದಕ್ಕೆಯ ಗೋಡೆಗೆ ಅಪ್ಪಳಿಸಿದವು. ಹಲವು ಅಲ್ಲಿಯೇ ಮುಳುಗಿದವು. ಉಳಿದವುಗಳಲ್ಲಿ ಬಹಳಷ್ಟು ಜಖಂಗೊಂಡವು. ಊರೊಳಗೆ ಮನೆಗಳಿಗಾದ ಹಾನಿ ಇದಕ್ಕೆ ಹೋಲಿಸಿದರೆ ಸೀಮಿತ. ದ್ವೀಪ ಪಾರಾಯಿತು ಎಂಬ ಮಾತು ನಿಜವೇ, ಆದರೆ ಮೀನುಗಾರರ ಪಾಲಿಗೆ ಅಲ್ಲ.

ಕಡಲೇ ಉಬ್ಬಿ ಊರೊಳಗೆ ನುಗ್ಗುವ ಕಡಲುಬ್ಬರ ಇಂಥ ದ್ವೀಪಗಳಲ್ಲಿ ಬಂಗಾಳ ಕೊಲ್ಲಿಯಷ್ಟು ಎತ್ತರಕ್ಕೆ ಏರುವುದಿಲ್ಲ. ದ್ವೀಪದ ಸುತ್ತ ಕಡಲಿನ ತಳ ಬೇಗನೆ ಆಳಕ್ಕಿಳಿಯುವುದರಿಂದ ಗಾಳಿ ತಳ್ಳಿದ ನೀರು ಅಕ್ಕಪಕ್ಕದಲ್ಲಿ ಸರಿದುಹೋಗುತ್ತದೆ. ಒಡಿಶಾ ಅಥವಾ ಬಾಂಗ್ಲಾದೇಶದ ತೀರದಲ್ಲಿ ಮೈಲುಗಟ್ಟಲೆ ಆಳವಿಲ್ಲದ ಕಡಲು ಇರುವುದರಿಂದ ನೀರಿಗೆ ಮೇಲೇರದೆ ಬೇರೆ ದಾರಿಯಿಲ್ಲ. ದ್ವೀಪಗಳಿಗೆ ಹೆಚ್ಚಿನ ಭಯ ಅಲೆಗಳದ್ದು.

ಪಕ್ಕದಲ್ಲಿ ಹಾದುಹೋಗುವ ಚಂಡಮಾರುತ ಕರಾವಳಿ ಕರ್ನಾಟಕಕ್ಕೆ ಹೊಸದಲ್ಲ. 2021ರ ಮೇ ತಿಂಗಳ ಮಧ್ಯದಲ್ಲಿ ತೌಕ್ತೆ ನಮ್ಮ ತೀರಕ್ಕೆ ಸಮಾನಾಂತರವಾಗಿ ಉತ್ತರಕ್ಕೆ ಸಾಗಿ ಗುಜರಾತಿನಲ್ಲಿ ದಡ ಹತ್ತಿತು. ಕೇಂದ್ರ ಕಡಲಿನಲ್ಲೇ ಇತ್ತು, ಆದರೆ ಬಲಬದಿಗೆ ಸಿಕ್ಕಿದ್ದು ನಮ್ಮ ತೀರ. ಮಂಗಳೂರಿನಿಂದ ಕಾರವಾರದವರೆಗೆ ಆಗ ಆದ ಕಡಲ್ಕೊರೆತವನ್ನು ಕಂಡವರಿಗೆ ಬ್ರಿಜ್‌ಟೌನ್‌ನ ದೃಶ್ಯ ಅಪರಿಚಿತವೆನಿಸದು.

ಕಣ್ಣು ನೇರವಾಗಿ ಮೇಲೆ ಬಂದಾಗ

ಬಾರ್ಬಡೋಸ್‌ನಿಂದ ನೈಋತ್ಯಕ್ಕೆ ಸುಮಾರು 200 ಕಿ.ಮೀ. ದೂರದಲ್ಲಿ ಗ್ರೆನೇಡಾ ದೇಶಕ್ಕೆ ಸೇರಿದ ಕ್ಯಾರಿಯಾಕೂ ಎಂಬ ಪುಟ್ಟ ದ್ವೀಪವಿದೆ. ವಿಸ್ತೀರ್ಣ 34 ಚದರ ಕಿ.ಮೀ. ಆಸುಪಾಸು. ಅದೇ ಜುಲೈ 1ರಂದು ಸ್ಥಳೀಯ ಸಮಯ ಬೆಳಿಗ್ಗೆ 11 ಗಂಟೆಯ ಸುಮಾರಿಗೆ ನಾಲ್ಕನೆಯ ದರ್ಜೆಯ ಬೆರಿಲ್‌ನ ಕಣ್ಣು ಇದರ ಮೇಲೆಯೇ ಹಾದಿತು.

ಕಣ್ಣು ನೇರವಾಗಿ ಮೇಲೆ ಹಾದರೆ ಗಾಳಿ ಬಾರ್ಬಡೋಸ್‌ನಲ್ಲಿ ಆದಂತೆ ಮೆಲ್ಲಗೆ ದಿಕ್ಕು ಬದಲಿಸುವುದಿಲ್ಲ. ಪಶ್ಚಿಮಕ್ಕೆ ಸಾಗುವ ಚಂಡಮಾರುತವಾದರೆ ಮೊದಲು ಉತ್ತರದ ಕಡೆಯಿಂದ ಗಾಳಿ ಏರುತ್ತ ಏರುತ್ತ ಪರಾಕಾಷ್ಠೆಗೆ ಹೋಗುತ್ತದೆ, ಆಮೇಲೆ ಇದ್ದಕ್ಕಿದ್ದಂತೆ ನಿಶ್ಶಬ್ದ. ಮುಗಿಯಿತೆಂದು ಹೊರಗೆ ಬಂದವರು ಅಪಾಯಕ್ಕೆ ಸಿಲುಕುವುದು ಇಲ್ಲಿಯೇ, ಏಕೆಂದರೆ ಕಣ್ಣಿನ ಗೋಡೆಯ ಇನ್ನೊಂದು ಮಗ್ಗುಲು ಕೆಲವೇ ನಿಮಿಷಗಳಲ್ಲಿ ದಕ್ಷಿಣದಿಂದ ಪೂರ್ಣ ರಭಸದಲ್ಲಿ ಬಂದು ಬಡಿಯುತ್ತದೆ. ಉತ್ತರದ ಗಾಳಿಗೆ ಸಡಿಲಾದ ತಗಡಿನ ಚಾವಣಿ ದಕ್ಷಿಣದ ಗಾಳಿಗೆ ಕಿತ್ತುಹೋಗುತ್ತದೆ.

ಅರ್ಧ ಗಂಟೆಯಲ್ಲಿ ಕ್ಯಾರಿಯಾಕೂ ನೆಲಸಮವಾಯಿತು ಎಂದು ಗ್ರೆನೇಡಾದ ಪ್ರಧಾನಿ ಡಿಕನ್ ಮಿಚೆಲ್ ಹೇಳಿದರು. ದ್ವೀಪದ ಕಟ್ಟಡಗಳಲ್ಲಿ ಹಾನಿಯಾಗದೆ ಉಳಿದವು ಬೆರಳೆಣಿಕೆಯಷ್ಟು. ಚಂಡಮಾರುತ ಬರುವಾಗ ದೋಣಿಗಳನ್ನು ಟಿರೆಲ್ ಬೇ ಎಂಬ ಕೊಲ್ಲಿಯ ಕಾಂಡ್ಲಾವನದ ನಡುವೆ ಕಟ್ಟುವುದು ಅಲ್ಲಿನ ರೂಢಿ. ಈ ಬಾರಿ ಆ ಕಾಂಡ್ಲಾ ಗಿಡಗಳೇ ಎಲೆಯೆಲ್ಲ ಉದುರಿ ಬೋಳಾದವು. ಪಕ್ಕದ ಯೂನಿಯನ್ ದ್ವೀಪ ಸೇಂಟ್ ವಿನ್ಸೆಂಟ್ ದೇಶಕ್ಕೆ ಸೇರಿದ್ದು. ಅಲ್ಲಿ ನೂರಕ್ಕೆ ತೊಂಬತ್ತರಷ್ಟು ಮನೆಗಳು ಕುಸಿದವು ಇಲ್ಲವೇ ತೀವ್ರವಾಗಿ ಹಾನಿಗೊಂಡವು.

ಮುನ್ಸೂಚನೆಯನ್ನು ಓದುವುದು ಹೇಗೆ

ಅಟ್ಲಾಂಟಿಕ್‌ನ ಮುನ್ಸೂಚನೆಯ ಮುಖ್ಯ ಕೇಂದ್ರ ಮಯಾಮಿಯಲ್ಲಿದೆ. ಉಪಗ್ರಹಗಳ ಜೊತೆಗೆ, ಚಂಡಮಾರುತದೊಳಗೇ ನುಗ್ಗುವ ಅಮೆರಿಕದ ವಿಮಾನಗಳು ಪ್ಯಾರಾಶೂಟ್ ಕಟ್ಟಿದ ಕೊಳವೆಯಂಥ ಉಪಕರಣಗಳನ್ನು ಕೆಳಗೆ ಬಿಟ್ಟು, ಅವು ಕಡಲಿಗೆ ಬೀಳುವವರೆಗೂ ಒತ್ತಡ, ಗಾಳಿ, ತೇವಗಳನ್ನು ಅಳೆಯುತ್ತವೆ. 48 ಗಂಟೆಗಳೊಳಗೆ ಅಪಾಯದ ಸಾಧ್ಯತೆ ಇದ್ದರೆ ಒಂದು ಬಗೆಯ ಪ್ರಕಟಣೆ, 36 ಗಂಟೆಗಳೊಳಗೆ ಬರುವುದು ಹೆಚ್ಚುಕಡಿಮೆ ನಿಶ್ಚಿತವಾದರೆ ಅದಕ್ಕಿಂತ ಗಟ್ಟಿಯಾದ ಎಚ್ಚರಿಕೆ ಹೊರಡುತ್ತದೆ.

ಟಿವಿಯಲ್ಲಿ ಕಾಣುವ, ಮುಂದೆ ಹೋದಂತೆ ಅಗಲವಾಗುವ ಶಂಕುವನ್ನು ಅನೇಕರು ಚಂಡಮಾರುತದ ಗಾತ್ರವೆಂದು ತಿಳಿಯುತ್ತಾರೆ. ಅದು ಗಾತ್ರವಲ್ಲ, ಕೇಂದ್ರ ಎಲ್ಲಿರಬಹುದು ಎಂಬ ಅಂದಾಜಿನ ವ್ಯಾಪ್ತಿ; ಹಿಂದಿನ ವರ್ಷಗಳ ತಪ್ಪುಗಳಿಂದ ಲೆಕ್ಕ ಹಾಕಿದ ಆ ಶಂಕುವಿನೊಳಗೆ ಕೇಂದ್ರ ಉಳಿಯುವುದು ಮೂರರಲ್ಲಿ ಎರಡು ಸಲ ಮಾತ್ರ. ಅಲೆ, ಮಳೆ, ಗಾಳಿಗೆ ಶಂಕುವಿನ ಗಡಿ ಗೊತ್ತಿಲ್ಲ.

ಇಂಧನ ಮುಗಿದ ಮೇಲೆ

ದ್ವೀಪಗಳನ್ನು ದಾಟಿದ ಬೆರಿಲ್ ಬೆಚ್ಚಗಿನ ಕೆರಿಬಿಯನ್ ಕಡಲಿನಲ್ಲಿ ಐದನೆಯ ದರ್ಜೆಗೂ ಏರಿತು. ಜುಲೈ 2ರಂದು ಅದರ ಗಾಳಿಯ ವೇಗ ಗಂಟೆಗೆ ಸುಮಾರು 270 ಕಿ.ಮೀ. ಮುಟ್ಟಿತ್ತು. ಅದಕ್ಕೆ ಮೊದಲು ಅತಿ ಬೇಗ ಆ ದರ್ಜೆಗೇರಿದ್ದು 2005ರ ಎಮಿಲಿ, ಅದೂ ಜುಲೈ ಮಧ್ಯದಲ್ಲಿ. ಆಮೇಲೆ ಎತ್ತರದ ಗಾಳಿಗಳು ಬೆರಿಲ್ ಅನ್ನು ಓರೆಯಾಗಿ ತಳ್ಳತೊಡಗಿದವು. ಜುಲೈ 3ರಂದು ಜಮೈಕಾದ ದಕ್ಷಿಣಕ್ಕೆ ಹಾದು, 5ರಂದು ಮೆಕ್ಸಿಕೋದ ಯುಕಟಾನ್ ಪರ್ಯಾಯದ್ವೀಪವನ್ನು ಏರಿದಾಗ ಅದು ಎರಡನೆಯ ದರ್ಜೆಗೆ ಇಳಿದಿತ್ತು. ನೆಲದ ಮೇಲೆ ಆವಿ ಸಿಗದು, ಕಾಡು-ಗುಡ್ಡಗಳ ಘರ್ಷಣೆ ಬೇರೆ. ಒಲೆಯಿಂದ ಸೌದೆ ಎಳೆದಂತಾಗಿ ಯಂತ್ರ ನಿಧಾನವಾಗುತ್ತದೆ. ಆದರೆ ಮೆಕ್ಸಿಕೋ ಕೊಲ್ಲಿಯಲ್ಲಿ ಮತ್ತೆ ಬಿಸಿನೀರು ಸಿಕ್ಕಿತು. ಜುಲೈ 8ರಂದು ಟೆಕ್ಸಸ್ ತೀರಕ್ಕೆ ಬಂದದ್ದು ಒಂದನೆಯ ದರ್ಜೆಯ ಹರಿಕೇನ್.

ದರ್ಜೆಯ ಅಂಕಿ ಎಷ್ಟು ಮೋಸ ಮಾಡಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಹ್ಯೂಸ್ಟನ್ ಮತ್ತು ಸುತ್ತಮುತ್ತ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮನೆ-ಅಂಗಡಿಗಳಿಗೆ ವಿದ್ಯುತ್ ಹೋಯಿತು, ಎಷ್ಟೋ ಕಡೆ ದಿನಗಟ್ಟಲೆ ಬರಲಿಲ್ಲ. ಜುಲೈನ ಸೆಕೆಯಲ್ಲಿ ಫ್ಯಾನೂ ಇಲ್ಲದೆ ಕಳೆದವರಲ್ಲಿ ಆ ನಗರದಲ್ಲಿ ನೆಲೆಸಿರುವ ಕನ್ನಡಿಗರೂ ಸೇರಿದ್ದಾರೆ. ಗಾಳಿಯಿಂದ ಪಾರಾದ ಕೆಲವರನ್ನು ಆಮೇಲಿನ ಸೆಕೆ ಬಲಿ ತೆಗೆದುಕೊಂಡಿತು. ಒಳನಾಡಿಗೆ ಹೋದಂತೆ ಬೆರಿಲ್ ಮಳೆಯ ಮೋಡಗಳ ಗುಂಪಾಗಿ, ಅಲ್ಲಲ್ಲಿ ಸುಂಟರಗಾಳಿಗಳನ್ನೆಬ್ಬಿಸಿ, ಈಶಾನ್ಯಕ್ಕೆ ತಿರುಗಿ ಕೆನಡಾದ ಕಡೆಗೆ ಸಾಗಿ ಕರಗಿತು.

ಹೆಚ್ಚು ಸಾವುನೋವು, ಹಾನಿ ಮಾಡಿದ ಚಂಡಮಾರುತದ ಹೆಸರನ್ನು ಮತ್ತೆ ಇಡುವುದಿಲ್ಲ. 2025ರಲ್ಲಿ ವಿಶ್ವ ಹವಾಮಾನ ಸಂಸ್ಥೆ ಬೆರಿಲ್ ಹೆಸರನ್ನು ಪಟ್ಟಿಯಿಂದ ತೆಗೆದುಹಾಕಿತು. ಅದೇ ಪಟ್ಟಿಯ ಸರದಿ 2030ರಲ್ಲಿ ಮತ್ತೆ ಬರುವಾಗ ಎರಡನೆಯ ಹೆಸರು ಬ್ರಿಯಾನಾ.